ಮೊದಲು ‘ಎಕ್ಸೋಡಸ್’ ಕೇಳಬೇಕೋ, ‘ಕಾಯಾ’ ಕೇಳಬೇಕೋ?

1976ರ ಡಿಸೆಂಬರ್ 3ರಂದು ಕಿಂಗ್‌ಸ್ಟನ್‌ನ ತನ್ನ ಮನೆಯಲ್ಲೇ ಗುಂಡೇಟು ತಿಂದ ರೆಗೆ ಗಾಯಕ ಬಾಬ್ ಮಾರ್ಲಿ, ಎರಡು ದಿನ ಬಿಟ್ಟು ವೇದಿಕೆ ಹತ್ತಿ ಹಾಡಿದ. ಆಮೇಲೆ ಜಮೈಕಾ ಬಿಟ್ಟು ಲಂಡನ್ ಸೇರಿದ. 1977ರ ಮೊದಲ ತಿಂಗಳುಗಳಲ್ಲಿ ಅಲ್ಲಿ ನಡೆದ ರೆಕಾರ್ಡಿಂಗ್‌ನಿಂದ ಎರಡು ಆಲ್ಬಮ್ ಬಂದವು: ಅದೇ ವರ್ಷದ ಜೂನ್‌ನಲ್ಲಿ ‘ಎಕ್ಸೋಡಸ್’, 1978ರ ಮಾರ್ಚ್‌ನಲ್ಲಿ ‘ಕಾಯಾ’. ಬಾಸ್‌ನಲ್ಲಿ ಆಸ್ಟನ್ ಬ್ಯಾರೆಟ್, ಡ್ರಮ್ಸ್‌ನಲ್ಲಿ ಅವನ ತಮ್ಮ ಕಾರ್ಲ್‌ಟನ್, ಗಿಟಾರ್‌ಗೆ ಹೊಸಬ ಜೂನಿಯರ್ ಮಾರ್ವಿನ್. ಎರಡರಲ್ಲೂ ಇದೇ ತಂಡ.

‘ಎಕ್ಸೋಡಸ್’ ಸಿಟ್ಟಿನದು, ‘ಕಾಯಾ’ ಮೆತ್ತನೆಯದು ಅನ್ನುವುದು ರೂಢಿ ಮಾತು. ಬೆನ್ನುಬೆನ್ನಿಗೆ ಕೇಳಿದರೆ ಅದು ಅರ್ಧ ಮಾತ್ರ ನಿಜ. ‘ಎಕ್ಸೋಡಸ್’ನ ಕತ್ತಲೆಯೆಲ್ಲ ಎಲ್‌ಪಿ ತಟ್ಟೆಯ ಮೊದಲ ಬದಿಯಲ್ಲಿದೆ, ಅಂದರೆ ಮೊದಲ ಐದು ಹಾಡುಗಳಲ್ಲಿ. ಶೀರ್ಷಿಕೆ ಹಾಡು ಏಳು ನಿಮಿಷ ದಾಟುತ್ತದೆ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಪ್ರತಿ ಎಣಿಕೆಗೂ ಬೀಳುವ ಸ್ಟೆಪ್ಪರ್ಸ್ ನಡೆ, ಜನ ಸಾಲಾಗಿ ಹೊರಟ ಹಾಗೆ. ಎರಡನೇ ಬದಿಗೆ ಬಂದರೆ ಪ್ರೇಮ, ಕುಣಿತ, ಸಮಾಧಾನ. ಎಲ್‌ಪಿಯಲ್ಲಿ ತಟ್ಟೆ ತಿರುವುವ ಹೊತ್ತು ಈ ತಿರುವನ್ನು ಸಹ್ಯ ಮಾಡುತ್ತದೆ. ಫೋನಿನಲ್ಲಿ ಕೇಳುವವರು ಐದನೇ ಹಾಡಿನ ನಂತರ ತಾವೇ ಒಂದು ನಿಮಿಷ ನಿಲ್ಲಿಸುವುದು ಒಳ್ಳೆಯದು.

‘ಕಾಯಾ’ ಹೆಚ್ಚಾಗಿ ಒನ್ ಡ್ರಾಪ್ ಎಂಬ ತಾಳದಲ್ಲಿ ಸಾಗುತ್ತದೆ: ಮೊದಲ ಎಣಿಕೆ ಖಾಲಿ, ಏಟು ಮೂರನೆಯದಕ್ಕೆ. ‘ಸನ್ ಈಸ್ ಶೈನಿಂಗ್’ ಥರದ ಹಳೆಯ ಹಾಡುಗಳನ್ನೇ ಇಲ್ಲಿ ಮತ್ತೆ ಹಾಡಿದ್ದಾನೆ. ಹಸಿತನ ಆ ಹಳೆಯ ರೆಕಾರ್ಡಿಂಗ್‌ಗಳಲ್ಲೇ ಹೆಚ್ಚು. ಆದರೆ ಕೊನೆಯ ಎರಡು ಹಾಡು ಬೇರೆಯೇ ಲೋಕ. ‘ರನ್ನಿಂಗ್ ಅವೇ’ಯಲ್ಲಿ ದನಿ ಗೊಣಗಾಟಕ್ಕಿಳಿದು, ಓಡಿಬಂದೆಯಾ ಎಂದು ತನ್ನನ್ನೇ ಕೆಣಕಿಕೊಳ್ಳುತ್ತದೆ. ‘ಟೈಮ್ ವಿಲ್ ಟೆಲ್’ನಲ್ಲಿ ಅಕೂಸ್ಟಿಕ್ ಗಿಟಾರ್, ಕೈಡೋಲು. ಊರು ಬಿಟ್ಟವನ ಒಂಟಿತನ ‘ಎಕ್ಸೋಡಸ್’ಗಿಂತ ಇಲ್ಲಿ ಗಾಢ.

ಹೋಲಿಸುವಾಗ ಕೆಡುವುದು ಬಾಸ್. ಬಾಸ್ ಗಿಟಾರ್‌ನ ತಗ್ಗಿನ ತಂತಿ 41 ಹರ್ಟ್ಸ್, ಅಂದರೆ ಸೆಕೆಂಡಿಗೆ ಸುಮಾರು 41 ಕಂಪನ. ಅಂಗೈಯಗಲದ ಬ್ಲೂಟೂತ್ ಸ್ಪೀಕರ್ ಅಲ್ಲಿಗೆ ಇಳಿಯುವುದಿಲ್ಲ, ಮೇಲಿನ ಸ್ವರಾಂಶ ಮಾತ್ರ ಕೇಳಿಸಿ ಆಸ್ಟನ್ ಸಪ್ಪೆ ಅನ್ನಿಸುತ್ತಾನೆ. ಕಿವಿ ಮುಚ್ಚುವ ಹೆಡ್‌ಫೋನ್ ಬೇಕು. ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸುವ ಕ್ರಾಸ್‌ಫೇಡ್ ಸೆಟ್ಟಿಂಗ್ ಸೊನ್ನೆಗಿಡಿ. ‘ಎಕ್ಸೋಡಸ್’ನ ಮೊದಲ ಹಾಡು ‘ನ್ಯಾಚುರಲ್ ಮಿಸ್ಟಿಕ್’ ಮೌನದಿಂದ ಮೆಲ್ಲಗೆ ಏಳುತ್ತದೆ. ಹಿಂದಿನ ಹಾಡಿನ ಬಾಲ ಅದನ್ನು ನುಂಗಬಾರದು. ಕೇಳಿಸುತ್ತಿಲ್ಲವೆಂದು ದನಿ ಏರಿಸಿದರೆ ಅರ್ಧ ನಿಮಿಷದಲ್ಲಿ ಕಿವಿಗೇ ಬಡಿಯುತ್ತದೆ.

ಹೊಸಬರು ‘ಎಕ್ಸೋಡಸ್’ನ ಮೊದಲ ಬದಿಯಿಂದ ಶುರುಮಾಡಿ, ನೇರ ‘ಕಾಯಾ’ದ ಕೊನೆಯ ಎರಡು ಹಾಡಿಗೆ ಹೋಗಲಿ. ‘ಎಕ್ಸೋಡಸ್’ನ ಎರಡನೇ ಬದಿಯ ‘ಥ್ರೀ ಲಿಟಲ್ ಬರ್ಡ್ಸ್’ ಹೇಗೂ ಯಾವುದಾದರೂ ಕೆಫೆಯಲ್ಲಿ ಕಿವಿಗೆ ಬಿದ್ದೇ ಇರುತ್ತದೆ.