ತೇವ ಹೀರುವ ಮಷೀನು, ಹಂಚಿನ ಮನೆ, ಅಜ್ಜನ ಕಂಬಳಿ

ಅಜ್ಜನ ಕಂಬಳಿಗೆ ಬೂಷ್ಟು ಹಿಡಿದಿದ್ದನ್ನು ನೋಡಿದ ದಿನವೇ ಈ ಮಷೀನು ತರಿಸೋದು ಅಂತ ತೀರ್ಮಾನ ಮಾಡಿದೆ.

ನಾನು ಚಳ್ಳಕೆರೆಯವಳು. ನಮ್ಮೂರಲ್ಲಿ ಕಂಬಳಿಗೆ ಬರವಿಲ್ಲ, ಮಳೆಗೆ ಬರ. ಕೆಲಸದ ಮೇಲೆ ತೀರ್ಥಹಳ್ಳಿಗೆ ಬಂದೆ, ಹಳೇ ಹಂಚಿನ ಮನೆ ಬಾಡಿಗೆಗೆ ಸಿಕ್ಕಿತು. ಬೇಸಿಗೆಯಲ್ಲಿ ನೋಡಿ ಒಪ್ಪಿಕೊಂಡಿದ್ದೆ. ಆಗ ತಂಪಾಗಿ, ಚಂದಾಗಿತ್ತು. ಮೊದಲ ವರ್ಷ ಪುನರ್ವಸು ಮಳೆ ಜಡಿ ಹಿಡಿದು, ತುಂಗೆಯಲ್ಲಿ ರಾಮಮಂಟಪ ಮುಳುಗಿದ ವಾರ ಪೆಟ್ಟಿಗೆ ತೆಗೆದರೆ ಕಂಬಳಿಯ ಮಡಿಕೆ ಮಡಿಕೆಯಲ್ಲೂ ಬೂದಿ ಬಣ್ಣದ ಬೂಷ್ಟು. ಕೊಡವಿದೆ. ರಾಗಿ ಹಿಟ್ಟಿನ ಹಾಗೆ ಉದುರಿತು. ಒಗೆದು ಹಾಕೋಣ ಅಂದ್ರೆ ಒಣಗೋದು ಎಲ್ಲಿ? ಕರ್ಚೀಫು ಒಣಗೋಕೇ ಮೂರು ದಿನ ಬೇಕಾಗಿತ್ತು.

ಓನರ್ ಅಮ್ಮ ಹೇಳಿದ ಉಪಾಯ ಬಚ್ಚಲೊಲೆಯ ಮೇಲೆ ತಂತಿ ಕಟ್ಟೋದು. ಬಟ್ಟೆ ಒಣಗುತ್ತದೆ, ನಿಜ. ಆದರೆ ಆಫೀಸಿನಲ್ಲಿ ಪಕ್ಕ ಕೂತವರು ದಿನಾ "ಹೊಗೆ ವಾಸನೆ ಎಲ್ಲಿಂದ?" ಅಂತ ಮೂಗು ಎಳೆಯುತ್ತಿದ್ದರು. ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಬಟ್ಟೆ ಹರಡೋದೂ ಇದೆ. ಅದನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾತ್ರ ಮಾಡಬೇಡಿ. ಕೆಂಡದ ಗಾಳಿ ವಾಸನೆಯೂ ಇಲ್ಲದೆ ಜೀವ ತೆಗೆಯುತ್ತದೆ.

ಆಮೇಲೆ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಗಳನ್ನು ತಂದೆ. ಮೇಲಿರುವ ಬಿಳಿ ಕಾಳು ತೇವ ಹೀರಿ ಕರಗಿ, ಕೆಳಗೆ ನೀರಾಗಿ ಇಳಿಯುತ್ತದೆ. ಮುಚ್ಚಿದ ಬೀರುವಿನೊಳಗೆ ಪರವಾಗಿಲ್ಲ, ಕೋಣೆಗೆ ಸಾಲದು. ಒಂದು ಡಬ್ಬ ಸೀರೆ ಮೇಲೆ ಮಗುಚಿಕೊಂಡಿತು. ಆ ನೀರು ಸುಮ್ನೆ ಆರೋದಿಲ್ಲ, ಎಣ್ಣೆ ಚೆಲ್ಲಿದ ಹಾಗೆ ಜಿಗುಟಾಗಿ ಉಳಿಯುತ್ತದೆ.

ಈ ವರ್ಷ ಮೇ ಕೊನೆಗೆ 14,500 ರೂಪಾಯಿ ಕೊಟ್ಟು ಮಷೀನು ತರಿಸಿದೆ. ಡಿಹ್ಯುಮಿಡಿಫೈಯರ್. ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಮೂರು ಸಾವಿರಕ್ಕೆಲ್ಲ ಸಿಗೋದು ಪೆಲ್ಟಿಯರ್, ದಿನಕ್ಕೆ ಒಂದೆರಡು ಲೋಟ ನೀರು ಹಿಡಿದರೆ ಹೆಚ್ಚು. ಮಲೆನಾಡಿಗೆ ಅದು ಆಟಿಕೆ. ನಾನು ತಗೊಂಡಿದ್ದು ಕಂಪ್ರೆಸರ್ ಇರೋದು. ಫ್ರಿಜ್ ಥರಾನೇ. ಗಾಳಿಯನ್ನು ತಣ್ಣನೆ ಕೊಳವೆ ಮೇಲೆ ಹಾಯಿಸುತ್ತದೆ, ತೇವ ಬೆವರಿ ತೊಟ್ಟಿಗೆ ಇಳಿಯುತ್ತದೆ. ಪೆಟ್ಟಿಗೆ ಮೇಲೆ "ದಿನಕ್ಕೆ 10 ಲೀಟರ್" ಅಂತ ಇತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 30 ಡಿಗ್ರಿ, ಶೇ. 80 ತೇವ ಅಂತ ಷರತ್ತು. ನಮ್ಮ ಜುಲೈ 22–23 ಡಿಗ್ರಿ. ಅಷ್ಟು ತಂಪಿನಲ್ಲಿ ಅದು ಹೇಳಿದಷ್ಟು ಹೀರೋದಿಲ್ಲ. ನನಗೆ ರಾತ್ರಿಯ ಎಂಟು ಗಂಟೆಗೆ ಎರಡು ಲೀಟರ್ ಹತ್ತಿರ ಬರುತ್ತದೆ.

ಮೊದಲ ವಾರ ಹಾಲ್‌ನಲ್ಲಿಟ್ಟೆ. ತೊಟ್ಟಿ ತುಂಬ್ತಾ ಇತ್ತು, ನಾನು ಚೆಲ್ತಾ ಇದ್ದೆ. ತೇವ ತೋರಿಸುವ ಪುಟ್ಟ ಮೀಟರ್ ಮಾತ್ರ 88ರಿಂದ ಕದಲಲಿಲ್ಲ. ಓನರ್ ಅಮ್ಮ ಬಾಗಿಲಲ್ಲಿ ನಿಂತು, "ಹೊರಗೆ ಹಿಡಿದಿದ್ದು ಸಾಲ್ದು ಅಂತ ಒಳಗೂ ನೀರು ಹಿಡೀತೀಯಲ್ಲೇ ಮಾರಾಯ್ತಿ" ಅಂದರು. ನಾಚಿಕೆಯಾಯಿತು. ಮಲಗಿ ಮೇಲೆ ನೋಡಿದಾಗ ವಿಷಯ ಹೊಳೆಯಿತು. ಹಂಚು ಹಂಚಿನ ನಡುವೆ ಬೆಳಕು ಕಾಣುತ್ತಿದೆ. ಬೆಳಕು ಬರುವಲ್ಲಿ ಗಾಳಿ ಬರೋದಿಲ್ವಾ? ನಾನು ಒಣಗಿಸಲು ಹೊರಟಿದ್ದು ಹಾಲ್ ಅಲ್ಲ, ಇಡೀ ತೀರ್ಥಹಳ್ಳಿಯನ್ನು.

ಬಾಡಿಗೆ ಮನೆ, ಸೀಲಿಂಗ್ ಹೊಡೆಸೋ ಹಾಗಿಲ್ಲ, ಮೊಳೆಯೂ ಹೊಡೆಯೋ ಹಾಗಿಲ್ಲ. ಹತ್ತಕ್ಕೆ ಹತ್ತರ ಮಲಗುವ ಕೋಣೆ ಒಂದನ್ನೇ ಆರಿಸಿಕೊಂಡೆ. ಅಡಿಕೆ ಮುಚ್ಚೋ ನೀಲಿ ಟಾರ್ಪಾಲನ್ನು ಜಂತಿಗೆ ಹಗ್ಗ ಬಿಗಿದು ಕಟ್ಟಿದೆ. ಕೋಣೆ ತುಂಬ ನೀಲಿ ಬೆಳಕು, ಮೀನಿನ ತೊಟ್ಟಿಯಲ್ಲಿ ಕೂತ ಹಾಗೆ. ಅದರ ಕೆಳಗೆ ಅಮ್ಮನ ಎರಡು ಹಳೇ ಕಾಟನ್ ಸೀರೆ ಎಳೆದು ಕಟ್ಟಿದ ಮೇಲೆ ಮನೆ ಅನ್ನಿಸಿತು. ಬಾಗಿಲ ಸಂದಿಗೆ ಗೋಣಿಚೀಲ ಸುತ್ತಿಟ್ಟೆ. ಸಂಜೆ ಏಳಕ್ಕೆ ಮಷೀನು ಹಾಕಿದಾಗ ಮೀಟರ್ 91. ಹತ್ತಕ್ಕೆ 70. ಬೆಳಿಗ್ಗೆ ಎದ್ದಾಗ 57! ಶೇ. 60ರ ಕೆಳಗೆ ಇಟ್ಟುಕೊಂಡರೆ ಬೂಷ್ಟಿಗೆ ಬೆಳೆಯೋದು ಕಷ್ಟ. ಹಾಸಿಗೆ ಮುಟ್ಟಿ ನೋಡಿದೆ. ತಣ್ಣಗೆ ಅಂಟಲಿಲ್ಲ. ಮಲೆನಾಡಲ್ಲಿ ಮಳೆಗಾಲ ಕಳೆದವರಿಗೆ ಮಾತ್ರ ಗೊತ್ತು ಇದರ ಸುಖ.

ಇನ್ನೊಂದು ಲಾಭವನ್ನು ನಾನು ಲೆಕ್ಕ ಹಾಕಿರಲಿಲ್ಲ. ಈ ಮಷೀನು ಬಿಸಿ ಗಾಳಿ ಬಿಡುತ್ತದೆ. ಬೇಸಿಗೆಯಲ್ಲಾದರೆ ಕಿರಿಕಿರಿ. ಆಶ್ಲೇಷ ಮಳೆ ಹೊಡೆಯುವಾಗ ಅದರ ಮುಂದೆ ಸಾಕ್ಸ್ ನೇತುಹಾಕಿ, ಕಾಲು ಚಾಚಿ ಕೂತರೆ ಏಳೋ ಮನಸ್ಸಾಗೋದಿಲ್ಲ. ಹಳೇ ಫ್ರಿಜ್‌ನಷ್ಟು ಗುಂಯ್ ಅನ್ನುತ್ತದೆ. ಹಂಚಿನ ಮೇಲೆ ಬೀಳುವ ಮಳೆಯ ಮುಂದೆ ಆ ಸದ್ದು ಯಾರಿಗೆ ಕೇಳಬೇಕು?

ಟಾರ್ಪಾಲು ಕಟ್ಟೋರು ಒಂದು ಮಾತು ಕೇಳಿ. ಮೊದಲು ಹಂಚು ಕೈಯಾಡಿಸಿಕೊಳ್ಳಿ. ನಾನು ಸೋಮಾರಿತನ ಮಾಡಿದೆ. ಒಂದು ರಾತ್ರಿ ಎಚ್ಚರವಾಗಿ ನೋಡಿದರೆ ತಲೆ ಮೇಲೆ ಸೀರೆ ಸಮೇತ ಟಾರ್ಪಾಲು ಬಸುರಿ ಹೊಟ್ಟೆಯ ಹಾಗೆ ಇಳಿದಿತ್ತು. ಒಡೆದ ಹಂಚಿನಿಂದ ಸೋರಿದ ನೀರೆಲ್ಲ ಅಲ್ಲೇ ನಿಂತಿದೆ. ಮಂಚ ಎಳೆದು, ಬಕೆಟ್ ಇಟ್ಟು, ಕೊಡೆಯ ತುದಿಯಿಂದ ಮೆಲ್ಲಗೆ ಎತ್ತಿ ಒಂದು ಅಂಚಿಗೆ ಹರಿಸಿದೆ. ಅರ್ಧ ಬಕೆಟ್‌ಗೆ, ಅರ್ಧ ನನ್ನ ತೋಳೊಳಗೆ. ಮಾರನೇ ದಿನವೇ ಆಳು ಬಂದು ಎರಡು ಹಂಚು ಬದಲಿಸಿದ.

ಮಷೀನಿನದೇ ದೋಷ ಅಂದರೆ ಕರೆಂಟ್ ಹೋಗಿ ಬಂದರೆ ತಾನಾಗಿ ಶುರುವಾಗೋದಿಲ್ಲ. ಗಾಳಿಮಳೆಗೆ ಮರ ಲೈನ್ ಮೇಲೆ ಬೀಳೋದು ದಿನನಿತ್ಯದ ಊರಿಗೆ ಇಂಥದ್ದನ್ನು ಮಾರೋದೇ ತಪ್ಪು. ಕಂಪನಿಗೆ ಫೋನ್ ಮಾಡಿದರೆ ಆ ಸೌಲಭ್ಯ ಮೇಲಿನ ಮಾಡೆಲ್‌ನಲ್ಲಿದೆ ಅಂದರು. ತಗೊಳ್ಳೋ ಮೊದಲು ಇದನ್ನೇ ಕೇಳಿ. ತೊಟ್ಟಿ ತುಂಬಿದರೆ ನಿಂತು ಪೀಂ ಪೀಂ ಅನ್ನುತ್ತದೆ. ಪೈಪ್ ಸಿಕ್ಕಿಸಿ ಬಚ್ಚಲಿಗೆ ಬಿಟ್ಟ ಮೇಲೆ ಆ ಕಾಟ ತಪ್ಪಿತು.

ಕರೆಂಟ್ ಖರ್ಚು 200 ವ್ಯಾಟ್. ದಿನಕ್ಕೆ ಎಂಟು ಗಂಟೆ ಅಂದರೆ ತಿಂಗಳಿಗೆ 48 ಯೂನಿಟ್. ಗೃಹಜ್ಯೋತಿಯಲ್ಲಿ ನನ್ನ ಪಾಲು 58 ಯೂನಿಟ್, ಅದರಲ್ಲೇ ಜೀವನ ನಡೀತಿತ್ತು. ಸೊನ್ನೆ ಬರುತ್ತಿದ್ದ ಬಿಲ್ ಈಗ ಮುನ್ನೂರರ ಆಸುಪಾಸು. ಕೊಡೆ ರಿಪೇರಿ, ಹಾಳಾದ ಚಪ್ಪಲಿಗಳ ಲೆಕ್ಕ ಹಾಕಿದರೆ ಇದು ಜಾಸ್ತಿ ಅಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಆರ್‌ಸಿಸಿ ಮನೆಯವರು ನಾಲ್ಕೂವರೆ ಅಂತಲೇ ಓದಿಕೊಳ್ಳಿ. ಹಂಚಿನ ಮನೆ ಪೂರ್ತಿ ಒಣಗಿಸುತ್ತೇನೆ ಅಂತ ಹೊರಟವರು ದುಡ್ಡು ಉಳಿಸಿಕೊಳ್ಳಿ. ಒಂದೇ ಕೋಣೆ ಸಾಕು ಅನ್ನೋದಾದರೆ ಮಾತ್ರ ತರಿಸಿ.

ಕಂಬಳಿ ಈಗ ಮಂಚದ ಮೇಲೆ, ಕುರಿ ವಾಸನೆ ಬಿಟ್ಟರೆ ಬೇರೆ ವಾಸನೆಯಿಲ್ಲ. ಓನರ್ ಅಮ್ಮ ಮೊನ್ನೆ ಹಲಸಿನ ಹಪ್ಪಳದ ಡಬ್ಬ ತಂದು, "ಇಲ್ಲೊಂದು ಮೂಲೇಲಿ ಇರ್ಲಿ" ಅಂತ ಇಟ್ಟುಹೋದರು. ನಿನ್ನೆ ಸಂಡಿಗೆ ಡಬ್ಬ ಬಂತು. ಇವತ್ತು ಅವರ ಮೊಮ್ಮಗನ ಶಾಲೆ ಬೂಟು.