ಕಪಾಟಿನ ಸ್ಕ್ರೂ ಬೇಕಿದ್ದರೆ ಮಂಡಿಪೇಟೆಗೆ ಹೋಗಿ

ತುಮಕೂರಿನ ಶಿರಾ ಗೇಟಿನಿಂದ ಬಟವಾಡಿಗೆ ಮನೆ ಬದಲಾಯಿಸಿದಾಗ ಸಾಗಣೆಯವರು ನಮ್ಮ ಪುಸ್ತಕದ ಕಪಾಟನ್ನು ಬಿಚ್ಚಿ, ಹಲಗೆಗಳನ್ನಷ್ಟೇ ತಲುಪಿಸಿದರು. ಸ್ಕ್ರೂಗಳ ಪೊಟ್ಟಣ ದಾರಿಯಲ್ಲೇ ಮಾಯ. ಕಪಾಟು ಮಾರಿದವರು ಬಿಡಿಭಾಗ ಕೊಡುವುದಿಲ್ಲ ಎಂದುಬಿಟ್ಟರು. ಎಲ್ಲಿ ಕೇಳಿದರೂ ಮರಕ್ಕೆ ಹಾಕುವ ಸಾಮಾನ್ಯ ಸ್ಕ್ರೂ ತೆಗೆದಿಡುತ್ತಿದ್ದರು. ನಮ್ಮ ಕಪಾಟು ಪಾರ್ಟಿಕಲ್ ಬೋರ್ಡಿನದು, ಎಂದರೆ ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ ಹಲಗೆಯದು. ಮೊದಲೇ ಕೊರೆದ ದೊಡ್ಡ ತೂತಿನಲ್ಲಿ ತೆಳುವಾದ ಸ್ಕ್ರೂ ಕಚ್ಚುವುದೇ ಇಲ್ಲ.

ಮಂಡಿಪೇಟೆಯ ಹಳೆಯ ಹಾರ್ಡ್‌ವೇರ್ ಅಂಗಡಿಯೊಂದರ ಯಜಮಾನರು ಮಾತ್ರ, "ಹಲಗೆ ತಂದಿದ್ದೀರಾ ಅಮ್ಮಾ?" ಎಂದು ಮೊದಲು ಕೇಳಿದರು. ತಂದಿದ್ದೆ. ತೂತನ್ನು ಬೆಳಕಿಗೆ ಹಿಡಿದು ನೋಡಿ, ಒಳಗಿನಿಂದ ಇಂಥ ಹಲಗೆಗೆಂದೇ ಮಾಡಿದ ಕನ್ಫರ್ಮ್ಯಾಟ್ ಸ್ಕ್ರೂ ತಂದರು: 7 ಮಿ.ಮೀ. ದಪ್ಪ, 50 ಮಿ.ಮೀ. ಉದ್ದ, ಅಗಲವಾದ ಸುರುಳಿ ಎಳೆ (ಥ್ರೆಡ್), ತಲೆಯಲ್ಲಿ ಆರು ಮೂಲೆಯ ಕುಳಿ. ಅಲ್ಲೇ ಒಂದನ್ನು ಆ ಕುಳಿಗೆ ಹೊಂದುವ ಆಲನ್ ಕೀಯಿಂದ ತಿರುಗಿಸಿ, ಹಿಡಿತ ಸರಿಯಿದೆಯೆಂದು ತೋರಿಸಿದ ಮೇಲೆಯೇ ಹಣ ಪಡೆದರು. ಇಡೀ ಡಬ್ಬ ಕೊಳ್ಳಿ ಎಂಬ ಒತ್ತಾಯವಿಲ್ಲ, ಬಿಡಿಯಾಗಿ ಎಣಿಸಿ ಕೊಡುತ್ತಾರೆ. ಇಂಥ ವ್ಯಾಪಾರಿಗಳು ನಮ್ಮ ತುಮಕೂರಿನಲ್ಲಿ ಇನ್ನೂ ಇದ್ದಾರೆ ಎಂಬುದು ನನಗೆ ನಿಜವಾಗಿಯೂ ಹೆಮ್ಮೆ.

ಒಂದು ತೂತು ಸಡಿಲವಾಗಿತ್ತು. ಬಿದಿರಿನ ಕಡ್ಡಿಗೆ ಫೆವಿಕಾಲ್ ಸವರಿ ಒಳಗೆ ತುರುಕಿ, ಒಂದು ರಾತ್ರಿ ಒಣಗಿಸಿ, ಆಮೇಲೆ ಸ್ಕ್ರೂ ಹಾಕಿ ಎಂದರು. ಹಾಗೆಯೇ ಮಾಡಿದೆವು, ನಿಘಂಟುಗಳ ಭಾರವನ್ನೂ ಆ ಹಲಗೆ ತಡೆದಿದೆ.

ಕೊರತೆಯೂ ಉಂಟು. ಕ್ಯಾಮ್ ಲಾಕ್ (ತಿರುಗಿಸಿ ಹಲಗೆಗಳನ್ನು ಬಿಗಿಯುವ ದುಂಡನೆಯ ಬಿಲ್ಲೆ) 15 ಮಿ.ಮೀ. ಅಳತೆಯದು ಮಾತ್ರ ಸಿಗುತ್ತದೆ. ಗಾಡಿ ನಿಲ್ಲಿಸಲು ಜಾಗವಿಲ್ಲ, ಸಂಜೆ ಗಿರಾಕಿಗಳ ನೂಕುನುಗ್ಗಲು. ಬೆಳಿಗ್ಗೆ ಹೋಗಿ, ಮೊಬೈಲಿನ ಫೋಟೋ ಬದಲು ಹಲಗೆಯನ್ನೇ ಒಯ್ಯಿರಿ.