5 ಹರ್ಟ್ಜ್ ಇಟ್ಟು ಕೆಟ್ಟೆ: ರೋಬೋಗೆ ಪದೇ ಪದೇ ದಾರಿ ಹುಡುಕಿಸುವವರಿಗೆ ಒಂದು ಎಚ್ಚರಿಕೆ

ಸರಕು ಹೊರುವ ರೋಬೋಗೆ ನ್ಯಾವ್2 (ರೋಬೋಗೆ ದಾರಿ ಹುಡುಕಿ ನಡೆಸುವ ತಂತ್ರಾಂಶ) ಹಾಕಿಕೊಂಡು ಒದ್ದಾಡುತ್ತಿರುವವರು ಇದನ್ನು ಓದಿ. ಕಳೆದ ವರ್ಷ ನೆಲಮಂಗಲದ ಹತ್ತಿರ ಒಂದು ಗೋಡೌನಿನಲ್ಲಿ ನಮ್ಮ ರೋಬೋ ಎರಡು ಕ್ರೇಟ್ ಗಾಜಿನ ಬಾಟಲಿ ಚೂರು ಮಾಡಿತು. ಪುಣ್ಯಕ್ಕೆ ಹತ್ತಿರ ಯಾರೂ ಇರಲಿಲ್ಲ. ಲೇಸರ್‌ನಿಂದ ಅಡ್ಡಿ ನೋಡುವ ಲೈಡಾರ್ ಕೆಟ್ಟಿರಲಿಲ್ಲ, ಮೋಟರ್ ಕೆಟ್ಟಿರಲಿಲ್ಲ. ಕೆಡಿಸಿದ್ದು ನಾನು, ಒಂದೇ ಒಂದು ಅಂಕಿ ಬದಲಿಸಿ.

ಜಾಗ ಹೀಗಿತ್ತು: ನಡುವೆ ಉದ್ದದ ರ್ಯಾಕ್ ಸಾಲು, ಎರಡೂ ಬದಿಗೆ ಓಣಿ. ಪ್ಯಾಕಿಂಗ್ ಟೇಬಲ್ಲಿಗೆ ಯಾವ ಓಣಿಯಲ್ಲಿ ಹೋದರೂ ಹೆಚ್ಚುಕಮ್ಮಿ ಅಷ್ಟೇ ದೂರ. ಎಡ ಓಣಿಯಲ್ಲಿ ಯಾರಾದರೂ ಪ್ಯಾಲೆಟ್ ಟ್ರಾಲಿ ನಿಲ್ಲಿಸಿ ಚಹಾಕ್ಕೆ ಹೋಗಿರುತ್ತಿದ್ದರು, ಬಲ ಓಣಿಯಲ್ಲಿ ಹಮಾಲರು ಮಾಲು ಇಳಿಸುತ್ತಿರುತ್ತಿದ್ದರು. ರೋಬೋ ಎಡಕ್ಕೆ ಹೋಗುತ್ತಿತ್ತು, ಟ್ರಾಲಿ ಕಂಡು ತಿರುಗುತ್ತಿತ್ತು, ಬಲಕ್ಕೆ ಬಂದು ಜನರನ್ನು ಕಂಡು ಮತ್ತೆ ತಿರುಗುತ್ತಿತ್ತು. ಕಾಲು ಗಂಟೆ ಅದೇ ಆಟ. ಸೂಪರ್‌ವೈಸರ್ ಬಂದು, "ಏನ್ ಸಾರ್, ನಿಮ್ಮ ರೋಬೋ ಬೆಳಿಗ್ಗೇನೇ ಹಾಕ್ಕೊಂಡ್ ಬಂದಿದೆಯಾ?" ಅಂದರು.

ನನ್ನ ತಲೆಗೆ ಹೊಳೆದದ್ದು, ದಾರಿ ತಡವಾಗಿ ಹುಡುಕುತ್ತಿದೆ, ಬೇಗ ಬೇಗ ಹುಡುಕಿಸೋಣ ಅಂತ. ನ್ಯಾವ್2ಗಿಂತ ಮೊದಲು ಅದೇ ಕೆಲಸಕ್ಕಿದ್ದ ಹಳೆಯ ಮೂವ್_ಬೇಸ್ ಬಳಸಿದವನು ನಾನು. ಅಲ್ಲಿ ಪ್ಲ್ಯಾನರ್_ಫ್ರೀಕ್ವೆನ್ಸಿ ಅಂತ ಇತ್ತು, ಡೀಫಾಲ್ಟ್ 0, ಅಂದರೆ ಹೊಸ ಗುರಿ ಬಂದಾಗ ಅಥವಾ ಹತ್ತಿರದ ಚಲನೆ ನೋಡಿಕೊಳ್ಳುವ ಲೋಕಲ್ ಪ್ಲ್ಯಾನರ್ ದಾರಿ ಕಟ್ಟಿದೆ ಅಂದಾಗ ಮಾತ್ರ ಮತ್ತೆ ಹುಡುಕು. ನ್ಯಾವ್2ನ ಸೆಟ್ಟಿಂಗ್‌ಗಳಿರುವ ಯಾಮಲ್ ಫೈಲಿನಲ್ಲಿ ಅದನ್ನೇ ಹೋಲುವ ಎಕ್ಸ್‌ಪೆಕ್ಟೆಡ್_ಪ್ಲ್ಯಾನರ್_ಫ್ರೀಕ್ವೆನ್ಸಿ ಸಿಕ್ಕಿತು, 20.0 ಅಂತಿತ್ತು. ಎರಡು ದಿನ ಅದನ್ನು ಏರಿಸಿದೆ, ಇಳಿಸಿದೆ, ಏನೂ ಬದಲಾಗಲಿಲ್ಲ. ಬದಲಾಗುವುದೂ ಇಲ್ಲ! ಪ್ಲ್ಯಾನರ್, ಅಂದರೆ ಇಡೀ ದಾರಿ ಹುಡುಕುವ ಭಾಗ, ಅಷ್ಟು ವೇಗದಲ್ಲಿ ಉತ್ತರ ಕೊಡದಿದ್ದರೆ ಲಾಗ್‌ನಲ್ಲಿ ಒಂದು ವಾರ್ನಿಂಗ್ ಹಾಕುವುದಷ್ಟೇ ಅದರ ಕೆಲಸ. ಯಾವಾಗ ಹುಡುಕಬೇಕು ಎಂಬುದು ಇರುವುದು ರೋಬೋ ಯಾವಾಗ ಏನು ಮಾಡಬೇಕೆಂದು ಹೇಳುವ ಬಿಹೇವಿಯರ್ ಟ್ರೀಯ ಎಕ್ಸ್‌ಎಂಎಲ್ ಫೈಲಿನಲ್ಲಿ, ರೇಟ್ ಕಂಟ್ರೋಲರ್ ಎಂಬ ನೋಡ್‌ನಲ್ಲಿ. ಅಲ್ಲಿ 1.0 ಹರ್ಟ್ಜ್, ಅಂದರೆ ಸೆಕೆಂಡಿಗೆ ಒಂದು ಸಲ, ಎಂದಿತ್ತು. 5.0 ಮಾಡಿದೆ.

ಅವತ್ತೇ ಮಧ್ಯಾಹ್ನ ಬಾಟಲಿ ಒಡೆದದ್ದು. ಗ್ಲೋಬಲ್ ಕಾಸ್ಟ್‌ಮ್ಯಾಪ್, ಅಂದರೆ ಅಡ್ಡಿಗಳನ್ನು ಗುರುತು ಹಾಕಿದ ಇಡೀ ಜಾಗದ ನಕ್ಷೆ, ನಮ್ಮಲ್ಲಿ ಸೆಕೆಂಡಿಗೆ ಒಮ್ಮೆ ಮಾತ್ರ ಹೊಸದಾಗುತ್ತಿತ್ತು. ಹಾಗಾಗಿ ಐದು ಸಲ ಹುಡುಕಿದರೂ ನಕ್ಷೆ ಅದೇ ಹಳೆಯದು, ರೋಬೋ ನಿಂತ ಜಾಗ ಮಾತ್ರ ಒಂದಿಷ್ಟು ಸರಿದಿರುತ್ತದೆ. ಎರಡು ದಾರಿಗಳು ಸರಿಸಮ ಇರುವಾಗ ಅಷ್ಟೇ ಸಾಕು, ತಕ್ಕಡಿ ಆ ಕಡೆ ಈ ಕಡೆ ವಾಲುತ್ತದೆ. ಮೊದಲು ಸೆಕೆಂಡಿಗೊಮ್ಮೆ ಮನಸ್ಸು ಬದಲಿಸುತ್ತಿದ್ದ ಯಂತ್ರ ಈಗ ಓಣಿಯ ಬಾಯಲ್ಲಿ ಸೊಂಟ ತಿರುಗಿಸುತ್ತ ನಿಂತಿತು. ಮೇಲಿನ ಎರಡು ಕ್ರೇಟ್ ಜಾರಿದವು.

ರಾತ್ರಿ ಕೂತು ಲಾಗ್ ಓದಿದಾಗ ಮೂಲ ರೋಗ ಬೇರೆಯೇ ಇತ್ತು. ಆ ನಕ್ಷೆಗೆ ಅಡ್ಡಿಗಳನ್ನು ಸೇರಿಸುವ ಅಬ್‌ಸ್ಟಕಲ್ ಲೇಯರ್ 2.5 ಮೀಟರ್ ಒಳಗಿನದನ್ನು ಮಾತ್ರ ಗುರುತು ಹಾಕುತ್ತಿತ್ತು. ಎಡಕ್ಕೆ ಹೋದಾಗ ಟ್ರಾಲಿಯ ಗುರುತು ಬಿತ್ತು, ಬಲಕ್ಕೆ ಬಂದಾಗ ಹಮಾಲರ ಗುರುತು ಬಿತ್ತು. ಈಗ ಎರಡೂ ಕಡೆ ಬಂದ್. ದಾರಿಯೇ ಇಲ್ಲ ಎಂದು ಪ್ಲ್ಯಾನರ್ ಕೈಚೆಲ್ಲಿತು. ಆಗ ಡೀಫಾಲ್ಟ್ ಟ್ರೀ ಏನು ಮಾಡುತ್ತದೆ ಗೊತ್ತೇ? ಗ್ಲೋಬಲ್ ಕಾಸ್ಟ್‌ಮ್ಯಾಪನ್ನು ಸ್ಲೇಟಿನಂತೆ ಒರೆಸಿ ಮತ್ತೆ ಹುಡುಕುತ್ತದೆ. ಗೋಡೆ, ರ್ಯಾಕ್ ಉಳಿಯುತ್ತವೆ, ಟ್ರಾಲಿ ಮರೆತುಹೋಗುತ್ತದೆ. ಎಡ ದಾರಿ ಮತ್ತೆ ಚೊಕ್ಕ! ಇದು ವೇಗದ ತೊಂದರೆಯೇ ಅಲ್ಲ, ಮರೆವಿನ ತೊಂದರೆ.

ಆಮೇಲೆ ಇನ್ನೆರಡು ಹಳ್ಳಕ್ಕೂ ಬಿದ್ದೆ. ಡಿಸ್ಟನ್ಸ್ ಕಂಟ್ರೋಲರ್ ಹಾಕಿದೆ: ಒಂದು ಮೀಟರ್ ಸಾಗಿದಾಗ ಹುಡುಕು. ಎದುರಿಗೆ ಟ್ರಾಲಿ ಬಂದು ರೋಬೋ ನಿಂತುಬಿಟ್ಟರೆ ಆ ಒಂದು ಮೀಟರ್ ಮುಗಿಯುವುದೇ ಇಲ್ಲ. ರೋಬೋ ಮುಂದೆ ಸಾಗುತ್ತಿದೆಯೇ ಎಂದು ನೋಡುವ ಪ್ರೋಗ್ರೆಸ್ ಚೆಕರ್‌ನ 10 ಸೆಕೆಂಡು ಕಳೆದು ರಿಕವರಿ (ಸಿಕ್ಕಿಬಿದ್ದಾಗ ಬಿಡಿಸಿಕೊಳ್ಳುವ ಕ್ರಮ) ಶುರುವಾಗುವವರೆಗೆ ಕಲ್ಲಿನಂತೆ ನಿಲ್ಲುತ್ತದೆ. ಸ್ಪೀಡ್ ಕಂಟ್ರೋಲರ್ ಕೂಡ ಅಷ್ಟೇ. ನಿಧಾನವಾದಷ್ಟೂ ಕಡಿಮೆ ಹುಡುಕುತ್ತದೆ, ನಮಗೆ ಬೇಕಿದ್ದದ್ದು ಅದರ ಉಲ್ಟಾ. ಬಯಲಿನಲ್ಲಿ ಓಡಾಡುವ ಯಂತ್ರಕ್ಕೆ ಇವು ಚೆನ್ನಾಗಿರಬಹುದು, ಓಣಿಗಲ್ಲ.

ಕೊನೆಗೆ ಉಳಿಸಿಕೊಂಡದ್ದು, ಇರುವ ದಾರಿ ಕೆಟ್ಟಾಗ ಮಾತ್ರ ಹೊಸದು ಹುಡುಕುವ ಟ್ರೀ. ಈಸ್‌ಪಾತ್‌ವ್ಯಾಲಿಡ್ ಎಂಬ ಕಂಡಿಷನ್ ದಾರಿಯಲ್ಲಿ ಅಡ್ಡಿ ಇದೆಯೇ ಎಂದು ನೋಡುತ್ತದೆ. ಗುರಿ ಬದಲಾದರೆ ಅಥವಾ 10 ಸೆಕೆಂಡು ಕಳೆದರೂ ಹೊಸ ದಾರಿ. ಪ್ಲ್ಯಾನರ್ ಸೋತಾಗ ತಕ್ಷಣ ಒರೆಸದೆ, ಮೊದಲು 5 ಸೆಕೆಂಡು ಕಾಯಿಸಿ ಆಮೇಲೆ ಒರೆಸುವಂತೆ ಮಾಡಿದೆ. ಅಷ್ಟರಲ್ಲಿ ಎಷ್ಟೋ ಸಲ ಹಮಾಲರೇ ಪಕ್ಕಕ್ಕೆ ಸರಿದಿರುತ್ತಾರೆ. ಎದುರಿಗೆ ಥಟ್ಟನೆ ಬಂದವರನ್ನು ತಪ್ಪಿಸುವುದು ಚಕ್ರ ನಡೆಸುವ ಕಂಟ್ರೋಲರ್ ಮತ್ತು ಸೇಫ್ಟಿ ಲೈಡಾರ್‌ನ ಪಾಲು. ಅದನ್ನು ಪ್ಲ್ಯಾನರ್ ತಲೆಗೆ ಕಟ್ಟಬೇಡಿ, ನಾನು ಕಟ್ಟಿದ್ದೇ ಎಡವಟ್ಟು.

ಈ ಟ್ರೀಗೂ ಒಂದು ಊನವಿದೆ: ಶಟರ್ ತೆಗೆದು ಹತ್ತಿರದ ದಾರಿ ಬಿಟ್ಟುಕೊಟ್ಟರೂ ಟೈಮರ್ ಮುಗಿಯುವವರೆಗೆ ಸುತ್ತುದಾರಿಯಲ್ಲೇ ಹೋಗುತ್ತಿರುತ್ತದೆ. ಹಮಾಲರು ನಗುತ್ತಾರೆ, ನಗಲಿ. ನೀವು ಮಾತ್ರ ಟ್ರೀ ಬದಲಿಸಿದ ದಿನ ಖಾಲಿ ರೋಬೋ ಓಡಿಸಿ, ಎರಡೂ ಓಣಿಗೆ ಖಾಲಿ ರಟ್ಟಿನ ಪೆಟ್ಟಿಗೆ ಅಡ್ಡ ಇಟ್ಟು, ಆರ್‌ವಿಜ್‌ನಲ್ಲಿ (ರೋಬೋ ಕಾಣುವುದನ್ನು ತೆರೆಯ ಮೇಲೆ ತೋರಿಸುವ ತಂತ್ರಾಂಶ) ದಾರಿಯ ಗೆರೆ ಎಷ್ಟು ಸಲ ಕಡೆ ಬದಲಿಸುತ್ತದೆ ಎಂದು ಎಣಿಸಿ. ನಮ್ಮ ಗೋಡೌನಿನಲ್ಲಿ ಗಾಜಿನ ಕ್ರೇಟನ್ನು ರೋಬೋ ಮೇಲಿಡಲು ಸೂಪರ್‌ವೈಸರ್ ಇನ್ನೂ ಒಪ್ಪಿಲ್ಲ.